ಸಮುದ್ರಕ್ಕೆ ಬಿದ್ದ ಏರ್‌ಮೇಲ್

ಕೆನಡಾದ ಮಾರ್ಕಮ್‌ನಲ್ಲಿ ಹಳೆಯ ಅಂಚೆ ಲಕೋಟೆಗಳನ್ನು ಮಾರುವ ಭಾಸ್ಕರನ ಅಂಗಡಿಯಲ್ಲಿ ನನಗೆ ಕೆಲಸ. ಬ್ರಿಟಿಷರು ಲಂಡನ್ನಿನಿಂದ ಇಂಡಿಯಾಕ್ಕೆ ವಿಮಾನದಲ್ಲಿ ಟಪಾಲು ಕಳಿಸತೊಡಗಿದ ಕಾಲದ ಲಕೋಟೆಯೊಂದು ಬಂತು. ವಿಮಾನ ಸಮುದ್ರಕ್ಕೆ ಬಿದ್ದಾಗ ನೀರಿನಿಂದ ಎತ್ತಿದ್ದಂತೆ. ದಿನಾ ಬೆಳಿಗ್ಗೆ ಅದು ಗಾಜಿನ ಪೆಟ್ಟಿಗೆಯೊಳಗೇ ಒದ್ದೆಯಾಗಿರುತ್ತಿತ್ತು.

"ಮತ್ತೆ ಕಾಫಿ ಚೆಲ್ಲಿದ್ಯಾ?" ಎಂದು ಭಾಸ್ಕರ ರೇಗುತ್ತಿದ್ದ. ನಾನು ಕಾಫಿ ಕುಡಿಯುವುದೇ ಇಲ್ಲ!

ಸಿಟ್ಟಿನಲ್ಲಿ ಒಳಗಿನ ಕಾಗದ ಬಿಡಿಸಿದೆ. ಕನ್ನಡದಲ್ಲಿ ಸಾವಿನ ಸುದ್ದಿ.

"ಸಾವಿನ ಕಾಗದ ಓದಿ ಹರಿದುಹಾಕ್ಬೇಕು ಸಾರ್, ಒಳಗೆ ಇಟ್ಕೋಬಾರ್ದು," ಎಂದೆ.

"ನಾನ್‌ಸೆನ್ಸ್! ಮನೆಗೇ ತಗೊಂಡ್ಹೋಗಿ ಒಣಗಿಸ್ತೀನಿ." ಒಯ್ದೇಬಿಟ್ಟ.

ಇವತ್ತು ಅಂಗಡಿಯ ಬೀಗ ತೆಗೆದವಳು ನಾನೇ. ಲಕೋಟೆ ಪೆಟ್ಟಿಗೆಯಲ್ಲಿತ್ತು, ಒಣಗಿ ಗರಿಗರಿಯಾಗಿ. ಭಾಸ್ಕರನ ಕುರ್ಚಿಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

ಇದ್ಯಾರ ಕಾಫಿ ಎಂದು ಕೇಳೋಣವೆಂದರೆ ಆಸಾಮಿ ಫೋನೇ ಎತ್ತುತ್ತಿಲ್ಲ.