ಮೊಣಕೈವರೆಗೂ ಕೊಳೆ

"ಒಳಗೆ ಬರಬೇಡಿ!"

ಬಚ್ಚಲುಮನೆಯ ಬಾಗಿಲಲ್ಲಿ ಅವಳು ಕಲ್ಲಾಗಿ ನಿಂತುಬಿಟ್ಟಳು.

ಆ ದನಿ! ವಿದೇಶದಲ್ಲಿ ಒಂದಿಡೀ ವರ್ಷ ಕಳೆದು ಬಂದರೂ ಕಿವಿಯಿಂದ ಹೋಗದ ದನಿ...

ಅವನು ನೆಲಕ್ಕೆ ಮೊಣಕಾಲೂರಿ ಕೂತಿದ್ದ. ಬಲಗೈ ಮೊಣಕೈವರೆಗೂ ಮೋರಿಯ ತೂತಿನೊಳಗಿತ್ತು. ಸುತ್ತಲೂ ಬೂದುಬಣ್ಣದ ನೀರು, ಮೇಲೆ ತೇಲುವ ಸೋಪಿನ ಜಿಡ್ಡು. ಕೈ ಹೊರಗೆ ಬಂದಾಗ ಅದರ ಜೊತೆ ಕೊಳೆತು ಲೋಳೆಯಾದ ಕೂದಲಿನ ಮುದ್ದೆಯೊಂದು ಬಂತು. ಸತ್ತ ಇಲಿಯ ಹಾಗೆ ಪಚಕ್ಕೆಂದು ಬಕೆಟ್ಟಿಗೆ ಬಿತ್ತು.

ಅವಳ ಕೈ ತಾನಾಗಿ ಮೂಗಿಗೆ ಹೋಯಿತು.

ಅವನು ಅದನ್ನು ನೋಡಿಬಿಟ್ಟ.

"ಹೇಳ್ದೆ ಅಲ್ವಾ, ಬರಬೇಡಿ ಅಂತ? ಈ ಕೈ ನೋಡಿದ್ರೆ ನಿಮಗೆ ವಾಕರಿಕೆ ಬರುತ್ತೆ."

ಅದು ಅವಳದೇ ಮಾತು! ಒಂದಕ್ಷರ ಬಿಡದೆ ನೆನಪಿಟ್ಟಿದ್ದ...

ಬೀದಿಯವರಿಗೆಲ್ಲ ಅವನು ಪೈಪಣ್ಣ. ಅವಳ ಅಣ್ಣನ ಜೊತೆ ಶಾಲೆಗೆ ಹೋದವನು. ಈಗ ಯಾರ ಮನೆಯಲ್ಲಿ ಏನು ಕಟ್ಟಿಕೊಂಡರೂ ಅವನೇ ಬರಬೇಕು. ನೀರಿನ ಟ್ಯಾಂಕು ರಿಪೇರಿಗೆಂದು ಇವರ ಮನೆಯ ಮಹಡಿ ಹತ್ತಿದಾಗಲೆಲ್ಲ ಅವಳೂ ಬಟ್ಟೆ ಒಣಹಾಕುವ ನೆಪದಲ್ಲಿ ಹತ್ತುತ್ತಿದ್ದಳು. ನೆಂಟರ ಎದುರು ನಾಲ್ಕು ಮಾತಾಡಲು ಬೆವರುವ ಹುಡುಗಿ ಅವನೆದುರು ಗಲಗಲ ನಗುತ್ತಿದ್ದಳು. ಅವಳು ಓದಲು ವಿದೇಶಕ್ಕೆ ಹೊರಡುವ ಹಿಂದಿನ ದಿನ ಅದೇ ಮಹಡಿಯಲ್ಲಿ ಅವನು ಕೈ ಚಾಚಿ, "ನೀವು ವಾಪಸ್ ಬರೋವರೆಗೂ ಕಾಯ್ಲಾ?" ಎಂದಿದ್ದ.

ಅವಳ ಕಣ್ಣು ಅವನ ಉಗುರಿನ ಸಂದಿಯ ಕಪ್ಪಿನ ಮೇಲೆ ಬಿದ್ದಿತ್ತು. ಹೆದರಿಕೆಯೋ, ಕೊಬ್ಬೋ... ಬಾಯಿಂದ ವಾಕರಿಕೆಯ ಆ ಮಾತು ಜಾರಿತ್ತು.

"ಪುಟ್ಟೀ, ಈಚೆ ಬಾರೇ! ಆ ನೀರು ಕಾಲಿಗೆ ತಾಗೀತು," ಅಮ್ಮ ನಡುಮನೆಯಿಂದ ಕೂಗಿದಳು. ಕುರ್ಚಿಯ ಮೇಲೆ ಹಳೆಯ ಪೇಪರು ಹಾಸುತ್ತಿದ್ದಳು.

"ಅದ್ಯಾಕಮ್ಮ ಪೇಪರ್?"

"ಅವನು ಕೂತ್ರೆ ಕೂರಲಿ ಅಂತ. ಆಮೇಲೆ ಕುರ್ಚಿ ತೊಳೆಯೋರು ಯಾರು?"

"ಲೋ ಪೈಪಣ್ಣ, ಬೇಗ ಮುಗಿಸೋ!" ತಿಂಡಿ ತಿನ್ನುತ್ತಲೇ ಅಣ್ಣ ಗದರಿದ. "ನಾನು ಸ್ನಾನ ಮಾಡ್ಬೇಕು. ನಮ್ಮ ಫಾರಿನ್ ಮೇಡಂ ಬೇರೆ ಮೂಗು ಹಿಡ್ಕೊಂಡೇ ಪ್ರಾಣ ಬಿಡ್ತಾಳೆ ನೋಡು!"

ಹೇಳಿ ಎದ್ದುಹೋದ. ಎಂಜಲು ತಟ್ಟೆ ಸೋಫಾದ ಮೇಲೇ ಉಳಿಯಿತು. ಅಮ್ಮ ಬಂದು ಎತ್ತಿಕೊಂಡು ಹೋದಳು.

ಥೂ!

ಬಕೆಟ್ಟಿನಲ್ಲಿದ್ದ ಮುದ್ದೆಗಿಂತ ಆ ತಟ್ಟೆ ಅವಳಿಗೆ ಹೆಚ್ಚು ಹೇಸಿಗೆ ತಂದಿತು. ಹೋದ ವರ್ಷದವರೆಗೂ ಅವಳ ತಟ್ಟೆಯೂ ಅಲ್ಲೇ ಇರುತ್ತಿತ್ತಲ್ಲ...

ವಿದೇಶದಲ್ಲಿ ಏನು ನಡೆಯಿತೆಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದಿನ ಖರ್ಚಿಗೆಂದು ಬೆಳಿಗ್ಗೆ ಒಂದು ವಸತಿಗೃಹದಲ್ಲಿ ಕೆಲಸ. ದಿನಕ್ಕೆ ಹನ್ನೊಂದು ಬಚ್ಚಲು. ಮೊದಲ ವಾರ ಉಜ್ಜಿದ ಕಡೆಯೇ ವಾಂತಿ ಮಾಡಿಕೊಂಡು, ಮತ್ತೆ ತಾನೇ ಉಜ್ಜಿದ್ದಳು. ಒಂದು ದಿನ ಅವಳು ಬ್ರಷ್ಷು, ಬಕೆಟ್ಟು ಹಿಡಿದು ಬರುವಾಗ ಅವಳದೇ ವಯಸ್ಸಿನ ಹುಡುಗಿಯೊಬ್ಬಳು ಎಲ್ಲಿ ತಾಗುತ್ತದೋ ಎಂದು ಗೋಡೆಗೆ ಅಂಟಿ ನಿಂತಳು. ಆ ಹುಡುಗಿಯ ಮೂಗಿನ ಪಕ್ಕ ಒಂದು ಸಣ್ಣ ಸುಕ್ಕು.

ಆ ಸುಕ್ಕು ಇವಳಿಗೆ ಗೊತ್ತಿತ್ತು; ಅವನು ಕೈ ಚಾಚಿದ ದಿನ ತನ್ನ ಮುಖದ ಮೇಲೂ ಅದೇ ಇತ್ತು. ಅಂದು ಡೈರಿಯಲ್ಲಿ ಒಂದೇ ಸಾಲು ಬರೆದಳು: ಅವತ್ತು ಅವನು ನಮ್ಮ ಮಹಡಿ ಮೆಟ್ಟಿಲು ಹೇಗೆ ಇಳಿದಿರಬಹುದು?

ಈಗ ಅವಳು ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಬರಿಗಾಲಲ್ಲಿ ಆ ನೀರಿಗಿಳಿದು ಅವನೆದುರು ಕುಕ್ಕರಗಾಲಲ್ಲಿ ಕೂತಳು.

"ಇನ್ನೂ ಒಳಗೆ ಸಿಕ್ಕಿಕೊಂಡಿದೆ. ಸ್ವಲ್ಪ ಆ ಕಡೆ ಸರೀರಿ. ನನ್ನ ಕೈ ಸಣ್ಣದು, ಹೋಗುತ್ತೆ."

"ಏನ್ರೀ ಇದು ನಾಟಕ?" ಅವನ ಕಣ್ಣು ಕೆಂಪಾಯಿತು. "ಅಲ್ಲಿ ಕಲ್ತು ಬಂದ ಹೊಸ ಶೋಕೀನಾ? ಫೋಟೋ ತೆಗೆಯೋಕೆ ನಿಮ್ಮಣ್ಣನ್ನ ಕರೀಲಾ?"

ಕೆನ್ನೆಗೆ ಹೊಡೆದ ಹಾಗಾಯಿತು. ಆದರೂ ಏಳಲಿಲ್ಲ.

"ಒಂದು ವರ್ಷ ಬಚ್ಚಲು ತೊಳೆದಿದ್ದೀನಿ," ಎಂದಳು, ನಡುಮನೆಗೂ ಕೇಳುವಷ್ಟು ಜೋರಾಗಿ. "ದಿನಕ್ಕೆ ಹನ್ನೊಂದು."

ಅಮ್ಮ ಓಡಿಬಂದಳು. "ಏನಂದೆ? ಲೈಬ್ರರಿ ಕೆಲಸ ಅಂದಿದ್ಯಲ್ಲೇ!"

"ಸುಳ್ಳು ಹೇಳಿದ್ದೆ ಅಮ್ಮ, ನಾಚಿಕೆಯಾಗಿ. ಈಗ ನಾಚಿಕೆ ಆಗ್ತಿರೋದು ಆ ಪೇಪರ್ ನೋಡಿ. ತೆಗೆದುಬಿಡು."

ಅಮ್ಮ ಮಗಳ ಮುಖ ನೋಡಿ ವಾಪಸ್ ಹೋದಳು. ನಡುಮನೆಯಲ್ಲಿ ಕುರ್ಚಿಯ ಮೇಲಿನ ಪೇಪರು ಸರಪರ ಎಂದಿತು.

ಅವಳು ತೂತಿನೊಳಗೆ ಕೈಯಿಳಿಸಿದಳು.

"ನಿಧಾನ... ಗಾಜು ಗೀಜು ಇರುತ್ತೆ," ಎಂದ ಅವನು, ತನಗೇ ತಿಳಿಯದಂತೆ.

"ಅವತ್ತು ನಾನಾಡಿದ್ದು ಹೊಲಸು ಮಾತು," ತಲೆಯೆತ್ತದೆ ಹೇಳಿದಳು. "ನನ್ನನ್ನ ಕ್ಷಮಿಸಲೇಬೇಕು ಅಂತೇನಿಲ್ಲ. ನಿಮ್ಮ ಹತ್ರ ಮಾತಾಡಿದ ಹಾಗೆ ನಾನು ಎಲ್ಲೂ, ಯಾರ ಹತ್ರಾನೂ ಮಾತಾಡ್ಲಿಲ್ಲ. ನಿಮ್ಮನ್ನ ತುಂಬಾ... ನಾನು ನಿಮ್ಮನ್ನ..."

ಒಳಗಿನಿಂದ ಗಬ್ಬುನಾತ ಭಗ್ಗನೆ ಎದ್ದಿತು.

"ವ್ಯಾಕ್!"

ಅಯ್ಯೋ ದೇವರೇ... ಈಗಲೇ ಬರಬೇಕಾ!

"ವಾಸನೆಗೆ ರೀ! ನಿಮಗಲ್ಲ!" ಅವಳು ಅಳುವಂತಾದಳು. "ಅಷ್ಟು ಬಚ್ಚಲು ತೊಳೆದರೂ ಇದೊಂದು ಹೋಗ್ಲಿಲ್ಲ..."

ಅವನು ಅವಳನ್ನೇ ನೋಡಿದ. ಆಮೇಲೆ, ಒಂದು ವರ್ಷದ ನಂತರ ಮೊದಲ ಸಲ, ಅವಳೆದುರು ನಕ್ಕ.

"ನಂಗೂ ಬರುತ್ತೆ ಕಣ್ರೀ. ದಿನಾ ಬರುತ್ತೆ. ನನಗೇನು ಮೂಗಿಲ್ಲ ಅಂದ್ಕೊಂಡಿದ್ರಾ?"

ಹೌದು. ಹಾಗೇ ಅಂದುಕೊಂಡಿದ್ದಳು! ಅವನಿಗೆ ಇದು ಏನೂ ಅಲ್ಲ ಎಂದು...

ಬೆರಳಿಗೆ ಏನೋ ಸಿಕ್ಕಿತು. ಕಣ್ಣುಮುಚ್ಚಿ ಎಳೆದಳು. ಗೊಳಗೊಳ ಎನ್ನುತ್ತ ನೀರೆಲ್ಲ ಸುಳಿ ತಿರುಗಿ ಇಳಿಯಿತು.

"ಕಾಯ್ತಿದ್ರಾ?" ಮೆಲ್ಲನೆ ಕೇಳಿದಳು.

"ಇಲ್ಲ. ಸಿಟ್ಟಲ್ಲಿದ್ದೆ." ಅವನು ಬಕೆಟ್ಟು ಹತ್ತಿರ ಎಳೆದುಕೊಂಡ. "ಒಂದು ವರ್ಷ ಒಬ್ಬರ ಮೇಲೇ ಅಷ್ಟು ಸಿಟ್ಟಿದ್ರೆ ಬೇರೆ ಯಾರನ್ನ ನೋಡೋಕಾಗುತ್ತೆ, ಹೇಳಿ?"

"ಇನ್ನೂ ಇದೆಯಾ?"

"ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ."

"ಇರಲಿ ಬಿಡಿ. ಅಲ್ಲಿವರೆಗೂ ನಾನು ಇಲ್ಲೇ ಇರ್ತೀನಿ."

"ಇಲ್ಲೇ ಅಂದ್ರೆ? ಬಚ್ಚಲಲ್ಲೇ?"

"ಹೂಂ. ನೀವು ಎದ್ರೆ ಏಳ್ತೀನಿ."

ಅವನು ಎದ್ದು ನಿಂತ.

"ಏಳಿ ಮತ್ತೆ. ಕಾಲು ಜೋಮು ಹಿಡಿದಿರುತ್ತೆ."

"ಹಿಡಿದಿದೆ," ಎಂದಳು ಅವಳು, ಅಳುತ್ತ, ನಗುತ್ತ.