ಬೀಗತಿಗೊಂದು ನಿಚ್ಚಣಿಕೆ

ಜೀಪು ಓಣಿಯೊಳಗೆ ಬಂದಾಗ ಮಂಜುಳಾಗೆ ಮೊದಲು ಕಂಡದ್ದು ಚಕ್ರಗಳೇ. ಅವಳ ಸೊಂಟದ ಹತ್ತಿರ ಬರುವಂಥ ಟೈರುಗಳು!

ದೇವದುರ್ಗದ ಆ ಓಣಿಯವರೆಲ್ಲ ಕಟ್ಟೆಗೆ ಬಂದು ನಿಂತರು.

ಸ್ಟೇರಿಂಗ್ ಹಿಡಿದಿದ್ದ ಯಂಕೋಬ ಕೆಳಗೆ ನೋಡಿದ. ಅವಳು ಮೇಲೆ ನೋಡಿದಳು. ಫೋಟೋದಲ್ಲಿ ಕಂಡ ಅವನ ಕಣ್ಣುಗಳೇ... ಫೋಟೋದಲ್ಲಿ ಮಾತ್ರ ಅವು ಇಷ್ಟು ಹೆದರಿರಲಿಲ್ಲ.

"ಹತ್ತಾಕ ಆಗ್ತದೇನ್ರಿ?"

"ನೋಡ್ತೀನ್ರಿ."

ನೆರಿಗೆ ಎತ್ತಿ ಹಿಡಿದು ಒಂದೇ ಏಟಿಗೆ ಹತ್ತಿ ಅವನ ಪಕ್ಕ ಕುಳಿತಳು. ಓಣಿಯಲ್ಲಿ ಯಾರೋ ಸಿಳ್ಳೆ ಹಾಕಿದರು. ಎಷ್ಟು ಎತ್ತರ... ಎಲ್ಲರ ತಲೆಗಳೂ ಕೆಳಗೆ!

ರಾಯಚೂರಿನ ಮಾನ್ವಿ ರಸ್ತೆಯಲ್ಲಿ ಯಂಕೋಬನ ವರ್ಕ್‌ಶಾಪ್. ಉದ್ದ ಸ್ಪ್ರಿಂಗು, ಉದ್ದ ಶಾಕ್ ಅಬ್ಸಾರ್ಬರ್ ಹಾಕಿ ಜೀಪು ಎತ್ತರಿಸುವುದು, ದೊಡ್ಡ ಟೈರು ಕೂರಿಸುವುದು ಅವನ ಕಸುಬು. ಈ ಜೀಪೇ ಅವನ ಬೋರ್ಡು. ನೋಡಿದವರು, ನಮ್ಮದಕ್ಕೂ ಹಿಂಗ ಮಾಡು ಎಂದು ಬರುತ್ತಿದ್ದರು.

ಹಿರಿಯರ ಮಾತು ಮುಗಿದಿತ್ತು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿದರೆ ಅವತ್ತೇ ದೇವಸುಗೂರಿನ ಸುಗೂರೇಶ್ವರನ ಗುಡಿಯಲ್ಲಿ ಹೂ ಮುಡಿಸುವುದು. ಮಂಜುಳಾಳ ಅಪ್ಪ ಯಮನೂರಪ್ಪ ಗಂಡಸರ ಜೊತೆ ಬಸ್ಸಿನಲ್ಲಿ ಮುಂದೆ ಹೋಗಿದ್ದ. ಹೆಂಗಸರಿಗೆ ಜೀಪು.

ಯಂಕೋಬನ ಜೊತೆ ಬಂದಿದ್ದ ಅವನ ಚಿಕ್ಕಮ್ಮ, ಚಿಗವ್ವ, ಹೇಗೋ ಮತ್ತೆ ಹಿಂದೆ ಹತ್ತಿ ಕುಳಿತಳು. ಉಳಿದವಳು ಅಮರಮ್ಮ, ಮಂಜುಳಾಳ ತಾಯಿ.

ಅಮರಮ್ಮನ ಮೊಳಕಾಲು ಮಡಚುತ್ತಿರಲಿಲ್ಲ. ಹೊಲದ ಹತ್ತಿ ಬಿಡಿಸಲು ಟಂಟಂ ಆಟೋದಲ್ಲಿ ನಿಂತುಕೊಂಡೇ ಹೋಗಿ ಬಂದ ಕಾಲುಗಳವು. ಹೊಸ ಸೀರೆಯಲ್ಲಿ ಒಂದು ಕಾಲೆತ್ತಿದಳು. ನಿಲುಕಲಿಲ್ಲ. ಇನ್ನೊಂದು ಎತ್ತಿದಳು. ಸೀರೆ ಮೇಲೆ ಸರಿಯಿತು, ಚಪ್ಪಲಿ ಜಾರಿತು... ಧೊಪ್ಪನೆ ಧೂಳಿನಲ್ಲಿ ಕುಳಿತುಬಿಟ್ಟಳು.

"ಏ ಯಂಕೋಬಾ, ಬೀಗತಿಗೊಂದು ನಿಚ್ಚಣಿಕಿ ತರಬೇಕಿತ್ತಲ್ಲೋ!" ಎಂದಳು ಚಿಗವ್ವ.

ಓಣಿ ಗೊಳ್ಳೆಂದಿತು.

ಮಂಜುಳಾಳ ಕೈ ಬಾಗಿಲ ಹಿಡಿಕೆಗೆ ಹೋಯಿತು. ಇಳಿಯಬೇಕು... ಇಳಿ! ಆದರೆ ಮುಖ ಕೆಂಡವಾಗಿತ್ತು. ಅವನು ನೋಡುತ್ತಿದ್ದಾನೆ. ಓಣಿ ನೋಡುತ್ತಿದೆ. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಯವ್ವಾ, ನೀ ಬ್ಯಾಡ ಬಿಡು. ಮನ್ಯಾಗ ಇರು."

ಅಮರಮ್ಮ ಸೀರೆ ಜಾಡಿಸುತ್ತ ನಕ್ಕಳು.

"ಹೌದವ್ವಾ... ನಂಗೂ ಕೆಲಸ ಅದ. ಹೋಗಿ ಬರ್ರಿ."

ಜೀಪು ಹೊರಟಿತು. ಗಬ್ಬೂರು ದಾಟಿತು, ರಾಯಚೂರು ದಾಟಿತು. ಯಂಕೋಬ ಒಂದು ಮಾತೂ ಆಡಲಿಲ್ಲ. ಗುಡಿಯಲ್ಲಿ ಹೂ ಮುಡಿಸಿದಾಗಲೂ ಅವನ ಕಣ್ಣು ನೆಲದ ಮೇಲೇ ಇತ್ತು.

ಆಮೇಲೆ ಅವನ ಫೋನು ಬರಲಿಲ್ಲ.

ನಮ್ಮವ್ವನ್ನ ನೋಡಿ ನಾಚಿಕಿ ಪಟ್ಟಾನ, ಎಂದುಕೊಂಡಳು ಮಂಜುಳಾ. ಸಿಟ್ಟು ಬಂತು. ಆದರೆ ಆ ಸಿಟ್ಟು ಅವನ ಮೇಲೆ ನಿಲ್ಲಲೊಲ್ಲದು. ಅವನಿಗಿಂತ ಮೊದಲು ನಾಚಿದವಳು ಯಾರು?

ಅಮರಮ್ಮ ಒಂದು ಮಾತೂ ಬೈದಿರಲಿಲ್ಲ. ರೊಟ್ಟಿ ಬಡಿಯುತ್ತ ಒಂದು ದಿನ ಕೇಳಿದ್ದಳು, ಅಷ್ಟೆ.

"ಅಷ್ಟು ಎತ್ತರದಾಗ ಕುಂತ್ರ ಕೃಷ್ಣಾ ಹೊಳಿ ಪೂರಾ ಕಾಣಸ್ತದೇನು ಬೇ? ನಾ ಯಾವ ಗಾಡ್ಯಾಗೂ ಮುಂದ ಕುಂತಿಲ್ಲ ನೋಡು."

ಮಂಜುಳಾ ನೀರಿನ ಕೊಡ ಎತ್ತಿಕೊಂಡು ಹೊರಗೆ ಹೋಗಿಬಿಟ್ಟಳು. ಕೊಡ ತುಂಬಿಯೇ ಇತ್ತು.

ಮರುದಿನ ರಾಯಚೂರಿನ ಬಸ್ಸು ಹತ್ತಿದಳು. ಈ ಸಂಬಂಧ ಬ್ಯಾಡ್ರಿ, ಎಂದು ಮುಖದ ಮೇಲೆ ಹೇಳಿ ಬರಬೇಕು. ಅವ್ವನನ್ನು ಹತ್ತಿಸಿಕೊಳ್ಳದ ಜೀಪಿನಲ್ಲಿ ತಾನು ಹೇಗೆ ಬಾಳುವುದು?

ವರ್ಕ್‌ಶಾಪಿನಲ್ಲಿ ಆ ಜೀಪಿಗೆ ಚಕ್ರಗಳೇ ಇರಲಿಲ್ಲ! ದೊಡ್ಡ ಟೈರುಗಳು ಗೋಡೆಗೆ ಒರಗಿದ್ದವು. ಹಳೆಯ ಗಿಡ್ಡ ಸ್ಪ್ರಿಂಗುಗಳು ನೆಲದ ಮೇಲೆ. ಜೀಪಿನ ಅಡಿಯಿಂದ ಎರಡು ಕಾಲುಗಳು ಚಾಚಿದ್ದವು.

ವೆಲ್ಡಿಂಗ್ ಮಾಡುವ ಮುದುಕ ಜಿಲಾನಿ ಪಾಷಾ ಫೋಟೋದಲ್ಲಿ ನೋಡಿದ್ದ ಅವಳನ್ನು ಗುರುತು ಹಿಡಿದ.

"ಬಾ ಬೇಟಿ, ನೀನರ ಕೇಳು ನಿನ್ನ ಸಾಹೇಬಗ! ಟೈರು ಬಡೀತದ ಅಂತ ಮಡ್‌ಗಾರ್ಡ್ ಕತ್ತರಿಸಿ ಏರಿಸಿದ್ವಿ. ಈಗ ಇಳಸ್ತೀನಿ ಅಂತಾನ. ಕತ್ತರಿಸಿದ್ದು ಏನು ಗೋಂದು ಹಚ್ಚಿ ಅಂಟಸ್ಲಿ?"

ಯಂಕೋಬ ಹೊರಗೆ ಬಂದ. ಕೈತುಂಬ ಗ್ರೀಸು.

"ಯಾಕ ಇಳಸಾಕತ್ತೀರಿ?"

ಅವನು ಕೈಯ ಗ್ರೀಸು ಒರೆಸತೊಡಗಿದ.

"ನಮ್ಮವ್ವನ್ನ ನೋಡಿ ನಿಮಗ ನಾಚಿಕಿ ಆತು. ಹೌದಲ್ರಿ?"

"ನಾಚಿಕಿ ಆತ್ರಿ," ಎಂದ ಮೆಲ್ಲಗೆ. "ಆದ್ರ ಅವರನ್ನ ನೋಡಿ ಅಲ್ಲ. ಈ ಗಾಡಿಗೆ ಯಾರು ಹತ್ತತಾರ ಅಂತ ನಾ ಒಮ್ಮಿನೂ ಯೋಚನಿ ಮಾಡಿದ್ದಿಲ್ಲ. ಅವರು ಬಿದ್ರು... ನಾ ಸ್ಟೇರಿಂಗ್ ಹಿಡಕೊಂಡು ಕುಂತೆ. ಇಳೀಲಿಲ್ಲ. ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ?"

ಜಿಲಾನಿ ಪಾಷಾ ಬೀಡಿ ಹುಡುಕುವ ನೆಪದಲ್ಲಿ ಹೊರಗೆ ಹೋದ.

"ನಾನೂ ಇಳೀಲಿಲ್ರಿ," ಎಂದಳು ಮಂಜುಳಾ. ಹೇಳಲು ಬಂದದ್ದು ಅದಲ್ಲ. ಆದರೆ ಅದೇ ಹೊರಗೆ ಬಂತು. "ನನ್ನ ಹೆತ್ತಾಕಿ ಆಕಿ. ನನಗ ಏನಂತ ಬೈಕೊಂಡ್ರಿ?"

"ಮೊದಲ ಬೈಕೊಂಡೆ. ಖರೇನ..." ಅವನು ತಲೆಯೆತ್ತಿದ. "ಆಮ್ಯಾಲ ನಿಮ್ಮ ಕೈ ನೋಡಿದೆ. ಬಾಗಿಲ ಹಿಡಿಕಿ ಮ್ಯಾಲಿತ್ತು. ದೇವಸುಗೂರು ಬರೂ ತನಕ ತೆಗೀಲೇ ಇಲ್ಲ."

ಅವಳ ಕಣ್ಣುಗಳು ತುಂಬಿದವು. ತನಗೇ ಗೊತ್ತಿರಲಿಲ್ಲ!

ಅವನು ಒಂದು ಸ್ಟೂಲು ಒರೆಸಿ ಅವಳ ಕಡೆ ಸರಿಸಿದ.

"ಇಳಸಬ್ಯಾಡ್ರಿ," ಎಂದಳು ಕಣ್ಣೊರೆಸಿಕೊಂಡು.

"ಮತ್ತ ಅತ್ತಿ ಹ್ಯಾಂಗ ಹತ್ತತಾರ?"

"ಅವ್ವಗ ಎತ್ತರದಾಗ ಮುಂದ ಕುಂತು ಹೊಳಿ ನೋಡಬೇಕಂತ. ಮೆಟ್ಟಲ ಹಾಕಸ್ರಿ. ಆಕಿ ಕಾಲು ನಮ್ಮ ಮನಿ ಹೊಸ್ತಿಲದಷ್ಟು ಏಳ್ತದ. ಇಷ್ಟ..." ಬಗ್ಗಿ, ನೆಲದಿಂದ ಒಂದು ಗೇಣಿಗೂ ಕಮ್ಮಿ ಎತ್ತರದಲ್ಲಿ ಅಂಗೈ ಹಿಡಿದು ತೋರಿಸಿದಳು.

ಯಂಕೋಬ ಆ ಕೈಯ ಎತ್ತರವನ್ನೇ ನೋಡಿದ.

"ಚಾಚಾ!" ಎಂದು ಕೂಗಿದ. "ಒಂದು ಮೆಟ್ಟಲ ಸಾಲಂಗಿಲ್ಲ. ಮಡಚೂವಂಥಾ ನಿಚ್ಚಣಿಕೀನ ಬೇಕು. ಹಿಡಕೊಳ್ಳಾಕ ಒಂದು ಕಂಬಿ!"

"ಯಾ ಅಲ್ಲಾ, ಮಡ್‌ಗಾರ್ಡ್ ಉಳೀತು!" ಎಂದ ಜಿಲಾನಿ ಪಾಷಾ ಹೊರಗಿನಿಂದ.

*

ಜೀಪು ಮತ್ತೆ ಓಣಿಗೆ ಬಂತು. ಕಟ್ಟೆಯ ಮೇಲೆ ಮತ್ತೆ ಅದೇ ಜನ.

ಈ ಸಲ ಮೊದಲು ಇಳಿದವನು ಯಂಕೋಬ. ಕಬ್ಬಿಣದ ನಿಚ್ಚಣಿಕೆ ಬಿಚ್ಚಿ ನೆಲಕ್ಕೂರಿದ. ಮಂಜುಳಾ ಧೂಳಿನಲ್ಲಿ ನಿಂತು ಅವ್ವನ ಸೊಂಟ ಹಿಡಿದಳು.

"ಯವ್ವಾ, ಆವತ್ತು ನಾ ಇಳೀಬೇಕಿತ್ತು..."

"ಇವತ್ತು ಕೆಳಗ ನಿಂತೀಯಲ್ಲ. ಸುಮ್ಕ ಹಿಡಿ, ಬಿದ್ದುಗಿದ್ದೇನು!"

ಒಂದು... ಮತ್ತೊಂದು... ಅಮರಮ್ಮ ಮುಂದಿನ ಸೀಟಿನಲ್ಲಿ ಕುಳಿತು ಸೆರಗು ಸರಿಮಾಡಿಕೊಂಡಳು. ಓಣಿಯನ್ನು ಮೇಲಿನಿಂದ ಒಮ್ಮೆ ನೋಡಿದಳು. ಈ ಸಲ ಯಾರೂ ನಗಲಿಲ್ಲ.

ಗುಡಿಗೆ ಹೋಗುವ ಮೊದಲೇ ದೇವಸುಗೂರು ದಾಟಿಸಿ ಯಂಕೋಬ ಜೀಪನ್ನು ಕೃಷ್ಣೆಯ ಸೇತುವೆಗೆ ಒಯ್ದ.

"ಯಪ್ಪಾ, ಜರ ಮೆಲ್ಲಕ ಹೋಗು," ಎಂದಳು ಅಮರಮ್ಮ. "ಅಬ್ಬಾ... ಪೂರಾ ಕಾಣಸ್ತದ!"

ಹೊಳೆಯಿಂದ ತಿರುಗಿ ಬಂದು ಗುಡಿಯಲ್ಲಿ ಅವಳೇ ತನ್ನ ಕೈಯಾರೆ ಮಗಳ ಮುಡಿಗೆ ಹೂ ಇಟ್ಟಳು. ಆ ದಿನ ಅವಳ ಕೈಯಿಂದ ತಪ್ಪಿಹೋಗಿದ್ದ ಹೂವು ಅದು.

ವಾಪಸ್ಸು ಬರುವಾಗ ಅಮರಮ್ಮ ಮುಂದಿನ ಸೀಟಿನಲ್ಲೇ ಕಿಟಕಿಗೊರಗಿ ನಿದ್ದೆ ಹೋದಳು. ಯಂಕೋಬ ಕನ್ನಡಿಯಲ್ಲಿ ಹಿಂದೆ ನೋಡಿದ. ಮಂಜುಳಾಳ ಕೈ ಅವಳ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಇವತ್ತು ಬಾಗಿಲ ಹಿಡಿಕಿ ಹಿಡದಿಲ್ರಿ?" ಎಂದ ಪಿಸುಮಾತಿನಲ್ಲಿ.

ಅವಳು ಕನ್ನಡಿಯಲ್ಲಿದ್ದ ಅವನ ಕಣ್ಣುಗಳನ್ನು ನೋಡಿ ಮೊದಲ ಸಲ ನಕ್ಕಳು.

"ಇನ್ನ ಇಳಿಯಾಂಗಿಲ್ರಿ."