ಕುಳಿಗೆ ಬೆನ್ನು ಹಾಕಿ ನಿಂತವನು

ಎಲ್ಲರೂ ಕುಳಿ ನೋಡುತ್ತಿದ್ದರು. ಅವನೊಬ್ಬ ಮಾತ್ರ ಅವಳನ್ನು ನೋಡುತ್ತಿದ್ದ.

ತಂಕುಬಾನ್ ಪೆರಾಹು ಜ್ವಾಲಾಮುಖಿ ಬೆಟ್ಟದ ನೆತ್ತಿ, ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಬೇಲಿಯಾಚೆ ರಾತು ಕುಳಿಯ ಬೂದು ಗೋಡೆಗಳು, ತಳದಲ್ಲಿ ಬಿಳಿ ಹೊಗೆ, ಮೂಗಿಗೆ ಗಂಧಕದ ಘಾಟು. ಬಾಂಡುಂಗ್‌ನಿಂದ ವ್ಯಾನಿನಲ್ಲಿ ಬಂದ ಹನ್ನೊಂದು ಜನ ಬೇಲಿಗೆ ಒತ್ತಿಕೊಂಡು ಫೋಟೊ ತೆಗೆಯುತ್ತಿದ್ದರು. ಹನ್ನೆರಡನೆಯವನು ಅದೇ ಬೇಲಿಗೆ ಬೆನ್ನು ಕೊಟ್ಟು ಪುಟ್ಟ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ. ಎರಡು ಸಾಲು ಬರೆಯುವುದು, ತಲೆಯೆತ್ತಿ ಗೈಡ್ ಇಮಾಸ್‌ಳನ್ನು ನೋಡುವುದು, ಮತ್ತೆ ಎರಡು ಸಾಲು.

ಇಮಾಸ್ ನೇರವಾಗಿ ಅವನ ಮುಂದೆ ಹೋಗಿ ನಿಂತಳು.

"ಕುಳಿ ಆ ಕಡೆ ಇದೆ."

"ಗೊತ್ತು ತೇತೇ," ಅಂದ. ಬಾಂಡುಂಗ್‌ನಲ್ಲಿ ಪರಿಚಯವಿಲ್ಲದ ಹುಡುಗಿಯನ್ನು ಮರ್ಯಾದೆಯಿಂದ ಹಾಗೇ ಕರೆಯುವುದು.

"ಮತ್ತೆ ಈ ಕಡೆ ತಿರುಗಿ ಏನ್ ಮಾಡ್ತಿದ್ದೀರ?"

"ಹೊಗೆಗೆ ಕಣ್ಣು ಉರಿಯುತ್ತೆ."

ಗಾಳಿ ಅವತ್ತು ಆಚೆ ಬೀಸುತ್ತಿತ್ತು. ಈಚೆ ಹೊಗೆಯ ಸುಳಿವೂ ಇರಲಿಲ್ಲ.

*ಸುಳ್ಳ...* ಅಂದುಕೊಂಡಳು ಇಮಾಸ್. ಆದರೆ ಸುಳ್ಳು ಹೇಳುವವನ ಕಿವಿ ಇಷ್ಟು ಕೆಂಪಾಗುತ್ತದೆಯೇ? ಆ ಕಿವಿಯನ್ನು ತಾನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನ ಹೆಸರು ಗುಮಿಲರ್. ಊರು ಸುರಬಾಯಾ, ಬಾಂಡುಂಗ್ ನೋಡಲು ಬಂದಿದ್ದೇನೆ, ಒಂದೇ ವಾರ ಇರುತ್ತೇನೆ ಎಂದು ಹೇಳಿಕೊಂಡ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ವ್ಯಾನಿನ ಬಾಗಿಲು ತೆರೆದರೆ, ಮೊದಲ ಸೀಟಿನಲ್ಲಿ ಅವನೇ!

ಅದರ ಮುಂದಿನ ಭಾನುವಾರವೂ ಅವನೇ. ನಾಲ್ಕನೆಯದೂ ತಪ್ಪಲಿಲ್ಲ.

ಆರಕ್ಕೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಊರು ಸೇರುವ ಅರ್ಧ ದಿನದ ಪ್ರವಾಸ ಅದು. ಒಂದು ಸಲ ನೋಡಿದವರು ನೆಂಟರು ಬಂದರೆ ಇನ್ನೊಂದು ಸಲ ಬಂದಾರು. ಯಾವ ನೆಂಟರೂ ಇಲ್ಲದೆ ಒಬ್ಬನೇ ನಾಲ್ಕು ಸಲ ಬರುವವನನ್ನು ಇಮಾಸ್ ತನ್ನ ಏಳು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಆ ಕುಳಿಯ ಅಂಚಿನಲ್ಲಿ ಏಳು ವರ್ಷ ಕಳೆದವರು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ಅಲ್ಲಿ ಮಾರುವ ಕೈಹೆಣಿಗೆಯ ಟೋಪಿಗಳು ಕೂಡ ಯಂತ್ರದಲ್ಲೇ ಆದವು.

ವ್ಯಾನ್ ಓಡಿಸುವ ಓಡೋಯ್ ಅವಳ ಸೋದರಮಾವ. ಬಾಯಿಗೆ ಬೀಗವಿಲ್ಲದ ಮನುಷ್ಯ.

"ಒಂದೇ ಕುಳಿಗೆ ನಾಲ್ಕು ಸಲ ಬರೋನು ಒಂದೋ ಹುಚ್ಚ, ಇಲ್ಲ ಸರ್ಕಾರದೋನು," ಅಂದ ಮಾವ.

"ಬೇರೆ ಟ್ರಾವೆಲ್ಸ್‌ನೋರು ಕಳಿಸಿರಬೇಕು ಮಾವ. ನಾನು ಹೇಳೋದನ್ನೆಲ್ಲ ಬರ್ಕೊಳ್ತಾನೆ."

"ನೀನು ಹೇಳೋದನ್ನ ಬರೀತಾನೋ, ನಿನ್ನನ್ನೇ ಬರೀತಾನೋ? ಮೊನ್ನೆ ನನ್ನ ಹತ್ರ ಕೇಳ್ದ, ತೇತೇಗೆ ಕೋಪ ಬಂದ್ರೆ ಎಷ್ಟು ಹೊತ್ತು ಇರುತ್ತೆ ಅಂತ."

"ನೀನೇನಂದೆ?"

"ಹುಟ್ಟಿದಾಗಿಂದ ಇದೆ ಅಂದೆ."

ಇಮಾಸ್‌ಗೆ ನಗು ಬಂತು. ಆ ನಗುವಿನ ಹಿಂದೆಯೇ ಭಯವೂ ಬಂತು. ಏಕೆಂದರೆ ಶನಿವಾರ ಸಂಜೆಯಾದರೆ ಅವಳ ಕೈ ತಾನಾಗಿ ಒಳ್ಳೆಯ ತಲೆವಸ್ತ್ರ ಹುಡುಕತೊಡಗಿತ್ತು. ಅನುಮಾನದ ಮನುಷ್ಯನಿಗಾಗಿ ಯಾರಾದರೂ ತಲೆವಸ್ತ್ರ ಇಸ್ತ್ರಿ ಮಾಡುತ್ತಾರೆಯೇ?

ಆ ವಾರ ಮಾವ ಇನ್ನೊಂದು ಸುದ್ದಿ ತಂದ. "ನಿನ್ನ ಸುರಬಾಯಾದೋನನ್ನ ಇಲ್ಲೇ ಬಾಂಡುಂಗ್‌ನ ಚಿಚಾಡಸ್ ಪೇಟೇಲಿ ಕಂಡೆ ಕಣೇ. ಅಲ್ಲೇ ಹೊಲಿಗೆ ಮಷೀನ್ ರಿಪೇರಿ ಅಂಗಡಿ ಇಟ್ಟಿದಾನೆ. ಪಕ್ಕದೋರನ್ನ ಕೇಳ್ದೆ, ಆರು ವರ್ಷ ಆಯ್ತಂತೆ."

ಇಮಾಸ್ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟಳು. ಊರಿನ ಬಗ್ಗೆ ಸುಳ್ಳು ಹೇಳಿದವನು ಇನ್ನೇನೇನು ಮುಚ್ಚಿಟ್ಟಿರಬಹುದು? ಮನೆಯಲ್ಲಿ ಹೆಂಡತಿ ಇದ್ದರೆ?

ಅದೇ ರಾತ್ರಿ ಅಮ್ಮ ಎದುರಿಗೆ ಬಂದು ಕೂತಳು. ಗಾರುತ್ ಊರಿನ ಒಂದು ಮನೆಯವರು ತಿಂಗಳ ಹಿಂದೆ ಬಂದು 'ಮಾತು ಇಟ್ಟು' ಹೋಗಿದ್ದರು. ನಿಶ್ಚಿತಾರ್ಥವಲ್ಲ, ನಮ್ಮ ಹುಡುಗನಿಗೆ ನಿಮ್ಮ ಹುಡುಗಿಯನ್ನು ಕೇಳುವ ಮನಸ್ಸಿದೆ ಎಂದು ತಿಳಿಸಿ ಹೋಗುವುದು, ಅಷ್ಟೆ. ದೋದೋಲ್ ಮಿಠಾಯಿ ಮಾಡುವ ಮನೆ, ಹುಡುಗನ ಹೆಸರು ಸುಕ್ಮಾ, ಮೂವತ್ತೈದು ವರ್ಷ.

"ಭಾನುವಾರ ಮಧ್ಯಾಹ್ನ ಉತ್ತರಕ್ಕೆ ಬರ್ತಾರೆ ನೆಂಗ್," ಅಂದಳು ಅಮ್ಮ. ಮುದ್ದು ಬಂದಾಗ ಮಗಳನ್ನು ಅವಳು ಕರೆಯುವುದು ಹಾಗೇ. "ಬಲವಂತ ಇಲ್ಲ. ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಆದ್ರೆ ಏನೋ ಒಂದು ಹೇಳು. ಮರ್ಯಾದಸ್ಥರನ್ನ ಕಾಯಿಸ್ಬಾರ್ದು."

ಇಮಾಸ್ ಇಡೀ ರಾತ್ರಿ ಹೊರಳಾಡಿದಳು. ಬೆಳಗಿನ ಜಾವಕ್ಕೆ ತೀರ್ಮಾನಿಸಿದಳು. ಭಾನುವಾರ ಬೆಟ್ಟಕ್ಕೆ ಹೋಗುವುದು. ಅವನು ಯಾರು, ಆ ಪುಸ್ತಕದಲ್ಲಿ ಏನಿದೆ ಎಂದು ತಿಳಿಯುವುದು. ಅವನು ಮೋಸಗಾರನಾಗಿದ್ದರೆ ಮಧ್ಯಾಹ್ನ ಮನೆಗೆ ಬಂದು ಗಾರುತ್‌ನವರಿಗೆ ಹೂಂ ಅಂದುಬಿಡುವುದು.

ಐದನೆಯ ಭಾನುವಾರ ಅವಳು ಗುಂಪನ್ನು ಕೆಳಗಿನ ದೋಮಾಸ್ ಕುಳಿಗೆ ಇಳಿಸಿದಳು. ಕಾಡಿನ ನಡುವೆ ಮೆಟ್ಟಿಲ ದಾರಿ. ಕೆಳಗೆ ಬಂಡೆಗಳ ಸಂದಿಯಲ್ಲಿ ಕುದಿಯುವ ನೀರಿನ ಗುಂಡಿಗಳು. ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಅದ್ದಿದರೆ ಹತ್ತು ನಿಮಿಷಕ್ಕೆ ಬೇಯುತ್ತವೆ. ಜನ ತಣ್ಣನೆಯ ಗುಂಡಿ ಹುಡುಕಿ ಕಾಲು ಬಿಟ್ಟು ಕೂತರು.

ಗುಮಿಲರ್ ಕೂಡ ಶೂ ಬಿಚ್ಚಿ, ಜಾಕೆಟ್ ಕಳಚಿ ಬಂಡೆಯ ಮೇಲಿಟ್ಟು ನೀರಿಗಿಳಿದ. ಜಾಕೆಟ್ಟಿನ ಜೇಬಿನಿಂದ ಪುಸ್ತಕ ಅರ್ಧ ಇಣುಕುತ್ತಿತ್ತು.

ಬೇರೆಯವರ ಜೇಬಿಗೆ ಕೈ ಹಾಕುವುದು ತಪ್ಪು. ಅದು ಇಮಾಸ್‌ಗೂ ಗೊತ್ತಿತ್ತು. ಗೊತ್ತಿದ್ದೇ ಹಾಕಿದಳು.

ಮೊದಲ ಪುಟದಲ್ಲಿ ದುಂಡನೆಯ ಅಕ್ಷರದಲ್ಲಿ ಮನೆಗೆ ಬರೆದ ಕಾಗದದ ಕರಡು ಇತ್ತು:

'ಅಮ್ಮನಿಗೆ ಮತ್ತು ಸುಕ್ಮಾ ಅಣ್ಣನಿಗೆ. ಹುಡುಗಿಯನ್ನು ನೋಡಿದೆ. ಕೋಪ ಮೂಗಿನ ತುದಿಯಲ್ಲೇ ಇದೆ. ದನಿ ಜೋರು. ಹಿರಿಯರ ಮುಂದೆ ಬಾಯಿ ತುಂಬ ನಗುತ್ತಾಳೆ. ಒಂದು ತುತ್ತಿಗೆ ಆರು ಹಸಿಮೆಣಸಿನಕಾಯಿ ಕಚ್ಚುತ್ತಾಳೆ. ನಮ್ಮ ಮನೆಗೆ ಹೊಂದುವುದಿಲ್ಲ. ಬೇಡ.'

ಪುಟ ತಿರುವಿದಳು. 'ಬೇಡ.' ಮತ್ತೆ ತಿರುವಿದಳು. ಪ್ರತಿ ಭಾನುವಾರದ ಕೊನೆಗೂ ಅದೇ ಪದ.

ಓ... ಗಾರುತ್‌ನವರು ಹುಡುಗಿಯನ್ನು ಗುಟ್ಟಾಗಿ ನೋಡಿಕೊಂಡು ಬರಲು ಕಳಿಸಿದವನು ಇವನು. ಆ ಕೆಲಸಕ್ಕೆ ಅತ್ತೆಯರೋ ಚಿಕ್ಕಮ್ಮಂದಿರೋ ಬರುವುದು ವಾಡಿಕೆ. ಕೆಂಪು ಕಿವಿಯ ಗಂಡಸು ಬರುತ್ತಾನೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಸುಕ್ಮಾ ಬೇಡ ಅಂದಿದ್ದರೆ ಅವಳಿಗೇನೂ ಅನ್ನಿಸುತ್ತಿರಲಿಲ್ಲ. ಬೇಡ ಎಂದು ಬರೆದವನು ಇವನು. ತಾನು ಶನಿವಾರದಿಂದ ಕಾಯುತ್ತಿದ್ದವನು. ಅವಳು ಪುಸ್ತಕ ಮುಚ್ಚಿದಳು.

"ತೇತೇ..."

ಗುಮಿಲರ್ ಬರಿಗಾಲಲ್ಲಿ ಎದುರು ನಿಂತಿದ್ದ.

"ಆರಲ್ಲ, ನಾಲ್ಕು," ಅಂದಳು ಇಮಾಸ್.

"ಏನು?"

"ಮೆಣಸಿನಕಾಯಿ. ನಾನು ನಾಲ್ಕಕ್ಕಿಂತ ಜಾಸ್ತಿ ತಿನ್ನಲ್ಲ. ಹೆಣ್ಣು ನೋಡೋಕೆ ಬಂದೋರು ಸುಳ್ಳು ಲೆಕ್ಕ ಬರೀಬಾರ್ದು."

"ಅದೆಲ್ಲಾ ಸುಳ್ಳೇ. ಬೇಕೂಂತಲೇ ಬರೆದೆ."

"ಯಾಕೆ? ನಾನೇನು ಮಾಡಿದ್ದೆ ನಿಮಗೆ?"

ಅವನು ತಲೆ ತಗ್ಗಿಸಿಕೊಂಡೇ ಹೇಳಿದ.

"ಮೊದಲನೇ ಭಾನುವಾರ ಒಬ್ಬ ಕುಂಟು ಅಜ್ಜನಿಗೆ ನಿಮ್ಮ ಊರುಗೋಲು ಕೊಟ್ಟು, ನೀವು ಬರಿಗೈಲಿ ಮೆಟ್ಟಿಲು ಹತ್ತಿದ್ರಿ. ಇಂಥೋಳು ಸಿಕ್ಕಿದ್ಲು ಅಂತ ಮನೆಗೆ ಬರೆದ್ರೆ ಅವತ್ತೇ ಅಣ್ಣನ ಮದುವೆ ನಿಶ್ಚಯ ಆಗಿಬಿಡ್ತಿತ್ತು. ಬರೆಯೋಕೆ ಕೈ ಬರಲಿಲ್ಲ... ಅದಕ್ಕೇ ಬೇಡ ಅಂತ ಬರೆದೆ. ಬೇಡ ಅಂದ್ರೂ ಅಮ್ಮ, ಇನ್ನೊಂದ್ ಸಲ ನೋಡ್ಕೊಂಡ್ ಬಾ ಅಂದ್ರು. ಮತ್ತೆ ಬಂದೆ."

"ನಿಮಗೆ ಇಷ್ಟ ಆಗಿದ್ರೆ ಹಾಗಂತ ಹೇಳ್ಬೋದಿತ್ತಲ್ಲ."

"ಹೇಗೆ ಹೇಳ್ಲಿ? ಅಣ್ಣನಿಗೆ ಇನ್ನೂ ಮದುವೆ ಆಗಿಲ್ಲ."

ಆ ಕಟ್ಟಳೆ ಇಮಾಸ್‌ಗೂ ಗೊತ್ತಿತ್ತು. ಅಣ್ಣನನ್ನು ದಾಟಿ ತಮ್ಮ ಮದುವೆಯಾಗಬೇಕಾದರೆ, ಅಣ್ಣನ ಕಾಲ ಬಳಿ ಕೂತು ಒಪ್ಪಿಗೆ ಕೇಳಬೇಕು, ಅವನು ಕೇಳಿದ ಕಾಣಿಕೆ ಕೊಡಬೇಕು. ಕೊಟ್ಟರೂ ದಾಟಿಸಿಕೊಂಡವನ ಮೇಲೆ ಊರು ಒಂದು ಕನಿಕರದ ಕಣ್ಣು ಇಟ್ಟೇ ಇರುತ್ತದೆ.

"ಮೂರು ವರ್ಷದ ಹಿಂದೆ ತಂಗಿ ದಾಟಿದಾಳೆ," ಅಂದ ಗುಮಿಲರ್. "ಈಗ ನಾನೂ ದಾಟಿದ್ರೆ... ಅದೂ ಅವನಿಗೆ ಅಂತ ನೋಡಿದ ಹುಡುಗೀನೇ..."

ನಂಬಬೇಕು ಅನ್ನಿಸಿತು ಇಮಾಸ್‌ಗೆ. ಆದರೆ ಇವನು ಸುರಬಾಯಾ ಅಂದವನು, ಹೊಗೆ ಅಂದವನು, ಅಮ್ಮನಿಗೂ ಅಣ್ಣನಿಗೂ ಬರವಣಿಗೆಯಲ್ಲೇ ಸುಳ್ಳು ಹೇಳಿದವನು. ಇದೊಂದು ಮಾತ್ರ ನಿಜ ಅಂತ ಹೇಗೆ ನಂಬುವುದು?

"ನಡೀರಿ ಮೇಲೆ," ಅಂದಳು. "ಇಲ್ಲಿ ಸಿಗ್ನಲ್ ಸಿಗಲ್ಲ. ನಿಮ್ಮಣ್ಣನಿಗೆ ಫೋನ್ ಹಚ್ಚಿಕೊಡಿ. ನಾನೇ ಮಾತಾಡ್ತೀನಿ."

ಎಲ್ಲರೂ ಮೊಟ್ಟೆ ತಿಂದು ಮುಗಿಸಿ ಮೆಟ್ಟಿಲು ಹತ್ತುವಷ್ಟರಲ್ಲಿ ಹತ್ತೂವರೆಯಾಗಿತ್ತು. ಮೇಲೆ ಶುಂಠಿ ಕಷಾಯದ ಅಂಗಡಿಯ ಹಿಂದೆ, ಗದ್ದಲವಿಲ್ಲದ ಕಡೆ, ಗುಮಿಲರ್ ನಂಬರ್ ಒತ್ತಿ ಫೋನ್ ಅವಳಿಗೆ ಕೊಟ್ಟ. ತಾನು ನಾಲ್ಕು ಹೆಜ್ಜೆ ಆಚೆ ನಿಂತ.

"ಸುಕ್ಮಾ ಅವರಾ? ನಾನು ಬಾಂಡುಂಗ್‌ನ ಇಮಾಸ್."

ಆ ಕಡೆ ಪಾತ್ರೆಗಳ ಸದ್ದು ನಿಂತಿತು. ಆಮೇಲೆ ಒಂದು ಗಡಸು, ನಿಧಾನದ ದನಿ ಕೇಳಿಸಿತು.

"ನಮ್ಮವನು ಸಿಕ್ಕಿಬಿದ್ನಾ?"

ಇಮಾಸ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನಾಲ್ಕು ಕಾಗದ ಬಂತಮ್ಮ. ಕೋಪಿಷ್ಠೆ ಅಂದ, ಬಜಾರಿ ಅಂದ, ಸರಿ. ಒಂದ್ ತುತ್ತಿಗೆ ಎಷ್ಟು ಮೆಣಸಿನಕಾಯಿ ಅಂತಾನೂ ಬರೆದಿದ್ದ. ಹುಡುಗಿ ಬೇಡ ಅನ್ನೋನು ಕೂತ್ಕೊಂಡು ಮೆಣಸಿನಕಾಯಿ ಎಣಿಸ್ತಾನೇನಮ್ಮ?"

"ಗೊತ್ತಿದ್ದೂ ಇವತ್ತು ನಿಮ್ಮಮ್ಮನನ್ನ ನಮ್ಮನೆಗೆ ಕಳಿಸ್ತಿದ್ದೀರಲ್ಲ..."

"ಅವನೇ ಬಾಯಿಬಿಡಲಿ ಅಂತ ಕಾದೆ. ಬಿಡದಿದ್ರೆ... ಬಿಡದಿದ್ರೆ ನನಗೇ ಆಗಲಿ ಅಂತಾನೂ ಇತ್ತು. ನಾನು ಸುಳ್ಳು ಹೇಳಲ್ಲ."

ಇಮಾಸ್‌ಳ ಅನುಮಾನವೆಲ್ಲ ಇಳಿದು ಹೋದದ್ದು ಆಗಲೇ, ಅದೂ ಎಂದೂ ಮುಖ ನೋಡದ ಒಬ್ಬ ಮನುಷ್ಯನ ಮಾತಿನಿಂದ.

"ನಿಮಗೆ ನೋವಾಗುತ್ತೆ," ಅಂದಳು.

"ಆಗುತ್ತಮ್ಮ. ತಂಗಿ ದಾಟಿದಾಗ ಒಂದು ತಿಂಗಳು ಮನೆಗೇ ಹೋಗ್ಲಿಲ್ಲ ನಾನು. ದಾಟಿದ್ದಕ್ಕಲ್ಲ. ಎಲ್ಲಾ ಗೊತ್ತು ಮಾಡಿಕೊಂಡು ಆಮೇಲೆ ಬಂದು ನನ್ನ ಕೇಳಿದ್ರು. ನನ್ನ ಒಪ್ಪಿಗೆ ಬರೀ ಶಾಸ್ತ್ರಕ್ಕೆ."

ಇಮಾಸ್ ತಿರುಗಿ ನೋಡಿದಳು. ಗುಮಿಲರ್ ಅವಳ ಮುಖವನ್ನೇ ನೋಡುತ್ತಿದ್ದ. ಆ ಕಡೆಯ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ. ಇನ್ನೂ ಏನೂ ನಿಶ್ಚಯವಾಗಿರಲಿಲ್ಲ, ಯಾರೂ ಯಾರಿಗೂ ಹೂಂ ಅಂದಿರಲಿಲ್ಲ. ಕೇಳುವುದಾದರೆ ಈಗಲೇ ಕೇಳಬೇಕು.

ಅವಳು ತಲೆವಸ್ತ್ರ ಸರಿಮಾಡಿಕೊಂಡಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಾಣದ ಹಿರಿಯನಿಗೆ ತಲೆಬಾಗಿದಳು.

"ನಾವಿಬ್ರೂ ನಿಮ್ಮನ್ನ ದಾಟಿ ಮುಂದೆ ಹೋಗ್ಬೇಕು ಅಂತಿದೀವಿ. ನೀವು ಒಪ್ಪಿದ್ರೆ ಮಾತ್ರ. ಒಪ್ತೀರಾ... ಭಾವ?"

ನಾಲ್ಕು ಹೆಜ್ಜೆ ಆಚೆ ಗುಮಿಲರ್ ಅಂಗಡಿಯ ಕಂಬ ಹಿಡಿದುಕೊಂಡ.

ಫೋನಿನಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಹೋಗಿ ತಾಯಿ," ಅಂದ ಸುಕ್ಮಾ. "ಚೆನ್ನಾಗಿರಿ. ಅಮ್ಮ ಆಗಲೇ ಹೊರಟಾಯ್ತು, ದಾರೀಲೇ ಫೋನ್ ಮಾಡಿ ಹುಡುಗ ಬದಲಾದ ಅಂತ ಹೇಳ್ತೀನಿ. ಕಾಣಿಕೆ ಮಾತ್ರ ಬಿಡಲ್ಲ ನಾನು. ಅಂಗಿ, ಪಂಚೆ, ಚಪ್ಪಲಿ, ಮೂರೂ ಹೊಸದು. ಚಪ್ಪಲಿ ನನ್ನ ಅಳತೆ ಕೇಳಿ ತನ್ನಿ. ಹೋದ ಸಲ ಒಂದಳತೆ ಚಿಕ್ಕದು ತಂದಿದ್ರು."

"ಅಳತೆ ನಾನೇ ಬಂದು ತಗೋತೀನಿ ಭಾವ," ಅಂದಳು ಇಮಾಸ್. ಅವಳ ಕೆನ್ನೆ ಒದ್ದೆಯಾಗಿತ್ತು.

ಫೋನ್ ಇಟ್ಟ ಮೇಲೂ ಗುಮಿಲರ್ ಕಂಬ ಬಿಟ್ಟಿರಲಿಲ್ಲ.

"ಅಣ್ಣ ಏನಂದ?"

"ಅದನ್ನ ಅವರನ್ನೇ ಕೇಳಿ. ಇವತ್ತೇ ಹೋಗಿ, ಕಾಲ ಹತ್ರ ಕೂತು ಕೇಳಿ. ನಾನು ಕೇಳಿದ್ದು ನನ್ನ ಪಾಲಿಂದು, ನಿಮ್ಮ ಪಾಲಿಂದು ಹಾಗೇ ಇದೆ."

"ಹೋಗ್ತೀನಿ." ಅವನು ಹತ್ತಿರ ಬಂದ. "ಇಮಾಸ್... ನನ್ನ ಮೇಲೆ ಇನ್ನೂ ಅನುಮಾನ ಇದೆಯಾ?"

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಸ್ವಲ್ಪ ಇದೆ," ಅಂದಳು ಅವಳು. "ಐದು ವಾರದಿಂದ ಊರಿಗೆಲ್ಲ ಏನೇನೋ ಹೇಳಿದೀರ. ನನಗೆ ಮಾತ್ರ ನೆಟ್ಟಗೆ ಒಂದು ಮಾತೂ ಹೇಳಿಲ್ಲ."

ಗುಮಿಲರ್‌ನ ಕಿವಿ ಪೂರ್ತಿ ಕೆಂಪಾಯಿತು. ಆದರೂ ಅವಳ ಕಣ್ಣು ನೋಡಿಕೊಂಡೇ ಹೇಳಿದ.

"ನನಗೆ ನೀವು ಬೇಕು."

"ಇದು ನಿಜ ತಾನೇ?"

"ನಿಜ."

"ಹಾಗಾದ್ರೆ ಬನ್ನಿ, ವ್ಯಾನ್ ಹೊರಡುತ್ತೆ," ಅಂದಳು ಇಮಾಸ್. "ನಮ್ಮಮ್ಮನ ಮುಂದೇನೂ ಇಷ್ಟೇ ಹೇಳಿ, ಸಾಕು."